ಗಾರೆಗೋಡೆಯ ಆರೈಕೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮ ಮನೆಯಲ್ಲಿ ಈ ಎರಡು ಕೆಲಸಗಳೂ ಒಟ್ಟಿಗೆ ಬಂದುವು. ಅಕ್ಕನ ಮದುವೆ ಗೊತ್ತಾದಾಗ, ಬೀಗರ ಮುಂದೆ ಮನೆ ಚೆನ್ನಾಗಿ ಕಾಣಬೇಕೆಂದು ಅಪ್ಪ ಮುಂಗೋಡೆಯ ಹಳೆಯ ಸುಣ್ಣದ ಗಾರೆಯನ್ನು ಕೆತ್ತಿಸಿ, ಸಿಮೆಂಟಿನ ಗಾರೆ ಮಾಡಿಸಿ, ಅದರ ಮೇಲೆ ಹೊಳೆಯುವ ಬಣ್ಣ ಹೊಡೆಸಿದರು. ಮದುವೆಯ ದಿನ ಗೋಡೆಯನ್ನು ಹೊಗಳದವರೇ ಇರಲಿಲ್ಲ. ಅದಾದ ನಾಲ್ಕನೆಯ ಮಳೆಗಾಲದಲ್ಲಿ, ಮಳೆ ನಿಂತು ಎರಡು ದಿನವಾಗಿದ್ದ ಒಂದು ಸಂಜೆ, ಆಳೆತ್ತರದ ಗಾರೆಯ ಚಪ್ಪಡಿ ಹಾಗೆಯೇ ಕಳಚಿ ಜಗಲಿಯ ಮೇಲೆ ಬಿದ್ದಿತು. ಅಜ್ಜಿ ದಿನವೂ ಕೂರುವ ಜಾಗ ಅದು. ಅವರು ದೀಪ ಹಚ್ಚಲೆಂದು ಎದ್ದು ಒಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ.

ಉದುರಿದ ಗಾರೆಯ ಹಿಂಬದಿಯನ್ನು ಮುಟ್ಟಿ ನೋಡಿದೆ. ಅದಕ್ಕೆ ಅಂಟಿಕೊಂಡು ಎರಡು ಬೆರಳು ದಪ್ಪ ಮಣ್ಣೂ ಕಿತ್ತುಬಂದಿತ್ತು. ಆ ಮಣ್ಣು ಕಲಸಿದ ಹಿಟ್ಟಿನಂತೆ ಒದ್ದೆಯಾಗಿತ್ತು. ಹೊರಗಿನ ಬಣ್ಣ ಮಾತ್ರ ಒಣಗಿಯೇ ಇತ್ತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸುಣ್ಣದ ಗಾರೆಯ ಹಿಂದೆ ನೆಟ್ಟಗೆ ನಿಂತಿದ್ದ ಮಣ್ಣಿನ ಗೋಡೆ, ಅದಕ್ಕಿಂತ ಎಷ್ಟೋ ಗಟ್ಟಿಯಾದ ಸಿಮೆಂಟಿನ ಹಿಂದೆ ನಾಲ್ಕು ವರ್ಷದಲ್ಲಿ ಕೆಟ್ಟದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ ನನಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಅನೇಕರ ಮನೆಗಳು ಇಂದಿಗೂ ಮಣ್ಣಿನವು, ಇಲ್ಲವೆ ಹಸಿ ಇಟ್ಟಿಗೆಯವು. ಆದುದರಿಂದ ಈ ವಿಷಯ ನನ್ನೊಬ್ಬನ ಮನೆಯದಲ್ಲವೆಂದು ಭಾವಿಸಿದ್ದೇನೆ.

ಈ ಹುಡುಕಾಟದಲ್ಲಿ ನನಗೆ ಒಂದು ಸಂಕೋಚವೂ ಇತ್ತು. ನಮ್ಮ ತಾತ ಗಾರೆ ಕೆಲಸದವರು. ಬಿದ್ದ ಗೋಡೆಯ ಮೊದಲ ಗಾರೆ ಅವರ ಕೈಯದೇ. ಆದರೆ ಮೊಮ್ಮಗ ಓದಲಿ ಎಂದು ಅವರು ನನ್ನ ಕೈಗೆ ಕರಣೆಯನ್ನು ಕೊಡಲೇ ಇಲ್ಲ. ಶಾಲೆಗೆ ರಜೆಯಿದ್ದಾಗ ಕೆಲಸದ ಹತ್ತಿರ ಹೋದರೂ “ಹೋಗಿ ಪುಸ್ತಕ ಹಿಡ್ಕೊ” ಎಂದು ಕಳಿಸಿಬಿಡುತ್ತಿದ್ದರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಹಾಗಾಗಿ, ಅವರ ಮನೆಯಲ್ಲೇ ಬೆಳೆದ ನಾನು ಅವರ ವಿದ್ಯೆಯನ್ನು ಶ್ರೀರಂಗಪಟ್ಟಣದ ಒಬ್ಬ ವೃದ್ಧ ಮೇಸ್ತ್ರಿಗಳನ್ನು ಕೇಳಿ ತಿಳಿಯಬೇಕಾಯಿತು. ಮಿಕ್ಕದ್ದನ್ನು ಪುಸ್ತಕಗಳಿಂದ ತಿಳಿದುಕೊಂಡೆ. ಕೇಳಿದ್ದೂ ಓದಿದ್ದೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡುವೆಂಬುದು ನನಗೆ ಸಂತೋಷದ ವಿಷಯ.

ಮೊದಲು ಗಾರೆಯೆಂದರೇನೆಂಬುದನ್ನು ನೋಡೋಣ. ಸುಣ್ಣ, ಮರಳು, ನೀರು ಇವು ಮೂರನ್ನು ಹದವಾಗಿ ಅರೆದರೆ ಗಾರೆಯಾಗುತ್ತದೆ. ಇದರಲ್ಲಿ ಮುಖ್ಯವಾದದ್ದು ಸುಣ್ಣ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲಾಮ್ಲ ಅನಿಲ ಹೊರಟುಹೋಗುತ್ತದೆ. ಶುದ್ಧವಾದ ಸುಣ್ಣಕಲ್ಲು 100 ಸೇರು ಸುಟ್ಟರೆ 44 ಸೇರು ಅನಿಲವಾಗಿ ಹೋಗಿ 56 ಸೇರು ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಸೇರಿದಾಗ ಬುಸುಗುಟ್ಟಿ, ಕುದಿದು, ಅರಳುತ್ತದೆ. ಹೀಗೆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿಕೊಂಡು ಪುನಃ ಸುಣ್ಣಕಲ್ಲೇ ಆಗುತ್ತದೆ. ಅಂದರೆ ಗಾರೆ ಹಾಕುವವನು ಗೋಡೆಯ ಮೇಲೆ ತೆಳುವಾದ ಕಲ್ಲಿನ ಹೊದಿಕೆಯೊಂದನ್ನು ಬೆಳೆಸುತ್ತಾನೆ. ಈ ಕೆಲಸ ಒಂದೆರಡು ದಿನದಲ್ಲಿ ಮುಗಿಯತಕ್ಕದ್ದಲ್ಲ. ಬೆರಳು ದಪ್ಪದ ಗಾರೆ ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಗಾಳಿಯ ಜೊತೆಗೆ ಸ್ವಲ್ಪ ತೇವವೂ ಇದ್ದರೆ ಮಾತ್ರ ಇದು ನಡೆಯುತ್ತದೆ. ಬಿಸಿಲಿಗೆ ಬೇಗ ಒಣಗಿದ ಗಾರೆ ಕಲ್ಲಾಗದೆ ಪುಡಿಯಾಗುವುದು ಇದೇ ಕಾರಣದಿಂದ.

ಈ ಸುಣ್ಣ ನೀರಿನಲ್ಲಿಯೇ ಇರುವ ಕಡೆ ತಾನಾಗಿ ಗಟ್ಟಿಯಾಗಲಾರದು. ಅಂಥ ಕಡೆ ಸುರ್ಕಿಯನ್ನು ಸೇರಿಸುತ್ತಾರೆ. ಸುರ್ಕಿಯೆಂದರೆ ಹದವಾಗಿ ಬೆಂದ ಇಟ್ಟಿಗೆಯ ಪುಡಿ. ಸುಣ್ಣವೂ ಸುರ್ಕಿಯೂ ಸೇರಿದರೆ ಗಾಳಿಯ ಹಂಗಿಲ್ಲದೆ ನೀರಿನೊಳಗೂ ಗಟ್ಟಿಯಾಗುತ್ತದೆ. ಇದಕ್ಕೆ ಸಾಕ್ಷಿಯನ್ನು ನಾವು ದೂರ ಹುಡುಕಬೇಕಾಗಿಲ್ಲ. ಕನ್ನಂಬಾಡಿಯಲ್ಲಿ 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಕಾವೇರಿಯ ನೀರನ್ನು ಇಷ್ಟು ವರ್ಷ ತಡೆದು ನಿಂತಿರುವ ಆ ಗಾರೆಯನ್ನು ಮೆತ್ತಗಿನದೆಂದು ಯಾರೂ ಹಾಸ್ಯ ಮಾಡಲಾರರು. ನಮ್ಮ ತಾತನ ತಂದೆ ಅಲ್ಲಿ ಕೂಲಿಗೆ ಹೋಗಿದ್ದರೆಂದು ಅಜ್ಜಿ ಹೇಳುವುದುಂಟು. ರೋಮಿನ ಜನರೂ ಎರಡು ಸಾವಿರ ವರ್ಷಗಳ ಹಿಂದೆ ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನು ಸೇರಿಸಿ ಇದೇ ಗುಣವನ್ನು ಪಡೆದಿದ್ದರು. ವಿಟ್ರೂವಿಯಸ್ ಎಂಬ ಅವರ ಶಿಲ್ಪಿ ಇದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅವರಿಗೆ ಬೂದಿ ಸಿಕ್ಕಿತು, ನಮ್ಮವರಿಗೆ ಇಟ್ಟಿಗೆ ಸಿಕ್ಕಿತು.

ದಕ್ಷಿಣದ ಗಾರೆಯಲ್ಲಿ ಇನ್ನೆರಡು ವಸ್ತುಗಳೂ ಸೇರುತ್ತಿದ್ದುವು. ಒಂದು ಅಳಲೆಕಾಯಿ, ಇನ್ನೊಂದು ಬೆಲ್ಲ. ಬೆಲ್ಲದ ಸೀಮೆಯವರಾದ ನಮಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಸಕ್ಕರೆಯ ಅಂಶವಿರುವ ನೀರಿನಲ್ಲಿ ಸುಣ್ಣ ಹೆಚ್ಚಾಗಿ ಕರಗುತ್ತದೆಂಬುದು ರಸಾಯನಶಾಸ್ತ್ರಕ್ಕೆ ಒಪ್ಪಿಗೆಯಾದ ಮಾತು. ಅಳಲೆಕಾಯಿಯನ್ನು ಜಜ್ಜಿ ಬೆಲ್ಲದೊಡನೆ ಕೆಲವು ದಿನ ನೀರಿನಲ್ಲಿ ಕೊಳೆಹಾಕಿ, ಸೋಸಿದ ಆ ನೀರಿನಿಂದ ಗಾರೆಯನ್ನು ಕಲಸಿದರೆ ಅದು ಕರಣೆಗೆ ಬೆಣ್ಣೆಯಂತೆ ಒದಗುತ್ತದೆ, ಬೇಗ ಒಣಗಿ ಬಿರಿಯುವುದೂ ಕಡಮೆಯಾಗುತ್ತದೆ. ಬೆಲ್ಲ ಹೆಚ್ಚಾದರೆ ಮಾತ್ರ ಗಾರೆ ಕೂಡುವುದೇ ಇಲ್ಲ. “ಪಾಯಸ ಮಾಡಬ್ಯಾಡ ಕಣಪ್ಪ, ಗಾರೆ ಮಾಡು” ಎಂದು ಮೇಸ್ತ್ರಿಗಳು ನನ್ನ ಕೈ ಹಿಡಿದು ನಿಲ್ಲಿಸಿದರು.

ಇನ್ನು ನಮ್ಮ ಗೋಡೆ ಕೆಟ್ಟದ್ದೇಕೆಂಬ ಪ್ರಶ್ನೆಗೆ ಬರೋಣ. ಗೋಡೆಗೆ ನೀರು ಮೂರು ದಾರಿಗಳಿಂದ ಬರುತ್ತದೆ. ಮೊದಲನೆಯದು ಮೇಲಿನಿಂದ: ಒಡೆದ ಹೆಂಚು, ಸರಿದ ಸೂರು, ತೂತುಬಿದ್ದ ತಗಡಿನ ದೋಣಿ. ಎರಡನೆಯದು ಪಕ್ಕದಿಂದ: ಗಾಳಿಮಳೆಯ ಎರಚಲು, ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುವ ಹನಿ. ಮೂರನೆಯದು ಕೆಳಗಿನಿಂದ: ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣಿನ ಗೋಡೆ ನೆಲದ ತೇವವನ್ನು ಮೂರು ನಾಲ್ಕು ಅಡಿಯವರೆಗೂ ಎಳೆಯುತ್ತದೆ. ಯಾವ ಮನೆಯಾದರೂ ಈ ಮೂರರಲ್ಲಿ ಒಂದನ್ನಾದರೂ ಅನುಭವಿಸಿಯೇ ತೀರುತ್ತದೆ.

ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಒಳಗೆ ಬಂದ ತೇವ ಬಿಸಿಲು ಬಿದ್ದಾಗ ಆ ರಂಧ್ರಗಳ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಸಿಮೆಂಟಿನ ಗಾರೆಗೆ ಈ ಗುಣ ಬಹಳ ಕಡಮೆ. ಅದರ ಮೇಲೆ ಹೊಳೆಯುವ ಬಣ್ಣ ಹೊಡೆದರಂತೂ ಉಳಿದ ದಾರಿಯೂ ಮುಚ್ಚುತ್ತದೆ. ಮೇಲಾಗಿ ಮಣ್ಣಿನ ಗೋಡೆ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಬಿಸಿಲಿಗೆ ಅಲ್ಪಸ್ವಲ್ಪ ಅಲುಗುತ್ತದೆ. ಮೆತ್ತಗಿನ ಸುಣ್ಣದ ಗಾರೆ ಅದರೊಡನೆ ತಾನೂ ಅಲುಗುತ್ತದೆ. ಗಡುಸಾದ ಸಿಮೆಂಟು ಅಲುಗಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಮಳೆಯ ನೀರು ಸಲೀಸಾಗಿ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರಲಾರದೆ ಮಣ್ಣಿನಲ್ಲಿ ನಿಲ್ಲುತ್ತದೆ. ನೆನೆದ ಮಣ್ಣಿಗೆ ಹಿಡಿತವೆಲ್ಲಿಯದು? ಕೊನೆಗೆ ಗಾರೆ ತಾನು ಹಿಡಿದುಕೊಂಡಿದ್ದ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಮೇಸ್ತ್ರಿಗಳು ಗೋಡೆಯನ್ನು ನೋಡಿ ಹೇಳಿದ ಮೊದಲ ಮಾತು: “ಗೋಡೆಗೆ ನೀರು ಬರೋದು ತಪ್ಪಲ್ಲ ಕಣಪ್ಪ. ಬಂದ ನೀರು ಹೋಗೋಕೆ ದಾರಿ ಇಲ್ದಂಗೆ ಮಾಡೋದು ತಪ್ಪು.”

ಇದರಿಂದ ಒಂದು ನಿಯಮ ಹೊರಡುತ್ತದೆ. ಹೊರಗಿನ ಹೊದಿಕೆ ಒಳಗಿನ ಗೋಡೆಗಿಂತ ಮೆತ್ತಗಿರಬೇಕು. ಗೋಡೆಗೆ ಬರುವ ಪೆಟ್ಟನ್ನು ಗಾರೆ ತಿನ್ನಬೇಕು, ಗಾರೆಗೆ ಬರುವ ಪೆಟ್ಟನ್ನು ಅದರ ಮೇಲಿನ ಸುಣ್ಣದ ಬಳಿತ ತಿನ್ನಬೇಕು. ಸವೆಯುವುದು ಗಾರೆಯ ದೋಷವಲ್ಲ, ಅದರ ಕೆಲಸ. ಸವೆದದ್ದನ್ನು ಕಾಲಕಾಲಕ್ಕೆ ತುಂಬುವುದು ಮನೆಯವರ ಕೆಲಸ.

ಹಾಗೆಂದು ಸಿಮೆಂಟನ್ನು ನಾನು ಹಳಿಯುತ್ತಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬುವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದಂದಿನಿಂದ ಅದು ಪ್ರಪಂಚಕ್ಕೆ ಮಾಡಿರುವ ಉಪಕಾರ ದೊಡ್ಡದು. ಸುಟ್ಟ ಇಟ್ಟಿಗೆ, ಸಿಮೆಂಟಿನ ಇಟ್ಟಿಗೆ, ಕಾಂಕ್ರೀಟು ಇವುಗಳ ಮೇಲೆ ಸಿಮೆಂಟಿನ ಗಾರೆ ಚೆನ್ನಾಗಿಯೇ ನಿಲ್ಲುತ್ತದೆ. ನಮ್ಮ ಮನೆಯ ಹಿಂದಿನ ಸ್ನಾನದ ಕೋಣೆ ಸುಟ್ಟ ಇಟ್ಟಿಗೆಯದು. ಅಲ್ಲಿಯ ಸಿಮೆಂಟು ಒಂದಿಷ್ಟೂ ಕದಲಿಲ್ಲ. ಅದನ್ನು ಕೆತ್ತಬೇಡಿರೆಂದು ಮೇಸ್ತ್ರಿಗಳೇ ಹೇಳಿದರು. ಹೆಣ್ಣು ಗಂಡಿನ ಜಾತಕದ ಹಾಗೆ ಗೋಡೆಗೂ ಗಾರೆಗೂ ಹೊಂದಿಕೆ ನೋಡಬೇಕು ಎಂಬುದಿಷ್ಟೇ ಅವರ ವಾದ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ಗೋಡೆಯ ಕಾಯಿಲೆ ಒಂದೇ ಬಗೆಯಲ್ಲ. ಶ್ರೀರಂಗಪಟ್ಟಣ ಹೊಳೆಯ ನಡುವಿನ ದ್ವೀಪ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರಾವರಿ. ಗದ್ದೆಯ ಪಕ್ಕದ ಊರುಗಳಲ್ಲಿ ನೆಲದ ತೇವ ಹೆಚ್ಚು, ಚೌಳೂ ಉಂಟು. ಆ ತೇವದೊಡನೆ ಮಣ್ಣಿನ ಉಪ್ಪೂ ಗೋಡೆಗೆ ಏರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ, ಆ ಹರಳು ಬೆಳೆದು, ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಬೂಷ್ಟಿನ ಹಾಗೆ ಕಾಣುವುದು ಈ ಉಪ್ಪೇ. ನಾಗಮಂಗಲದ ಬೆದ್ದಲಿನ ಊರುಗಳಲ್ಲಿ ಇದು ಕಡಮೆ. ಅಲ್ಲಿ ಬಿಸಿಲಿನ ಬಿರುಕೇ ಹೆಚ್ಚು. ಕೃಷ್ಣರಾಜಪೇಟೆಯ ಕಡೆ ಎರಡೂ ಕಾಣುತ್ತವೆ: ಹೇಮಾವತಿಯ ನಾಲೆ ಹರಿಯುವೆಡೆ ತೇವ, ಮೇಲಿನ ಒಣಭೂಮಿಯಲ್ಲಿ ಬಿರುಕು. ನಾಲ್ಕೂ ಕಡೆ ಈಗ ಹೊಸದಾಗಿ ಸೇರಿರುವ ಇನ್ನೊಂದು ಕಾರಣವಿದೆ. ಹಳೆಯ ಬೀದಿಯನ್ನು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟು ಹಾಕುತ್ತ ಬಂದು ಎಷ್ಟೋ ಊರುಗಳಲ್ಲಿ ಬೀದಿ ಜಗಲಿಯ ಮಟ್ಟಕ್ಕೆ ಏರಿದೆ. ಮೊದಲು ಮನೆಯಿಂದ ಬೀದಿಗೆ ಹರಿಯುತ್ತಿದ್ದ ನೀರು ಈಗ ಬೀದಿಯಿಂದ ಮನೆಯ ಬುಡಕ್ಕೆ ಹರಿಯುತ್ತದೆ. ನಮ್ಮ ಮುಂಗೋಡೆಗೂ ಇದೇ ಗತಿಯಾಗಿತ್ತು.

ಊರಿನ ದೊಡ್ಡ ಕಟ್ಟಡಗಳಿಂದಲೂ ನಾವು ಕಲಿಯುವುದಿದೆ. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ದರಿಯಾ ದೌಲತ್ತನ್ನು ನೋಡಲು ಹೋದವರೆಲ್ಲ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ಬರುತ್ತಾರೆ. ಈಚೆಗೆ ಹೋದಾಗ ನಾನು ಆ ಗೋಡೆಗಳ ಸುತ್ತ ಇರುವ ಅಗಲವಾದ ಮೊಗಸಾಲೆಯನ್ನೂ, ಮುಂಚಾಚಿದ ಸೂರನ್ನೂ ಗಮನಿಸಿದೆ. ಪೊಳ್ಳಿಲೂರಿನ ಯುದ್ಧದ ಚಿತ್ರವಿರುವ ಗೋಡೆ ಮಳೆಗೂ ಬಿಸಿಲಿಗೂ ನೇರವಾಗಿ ಮೈಯೊಡ್ಡಿಲ್ಲ. ಹಾಗಿದ್ದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಚಿತ್ರಗಳನ್ನು ಮತ್ತೆ ಬರೆಸಬೇಕಾಯಿತು. ಅರಮನೆಯ ಗೋಡೆಯೇ ಆರೈಕೆ ಬೇಡಿದರೆ ನಮ್ಮ ಮನೆಯ ಗೋಡೆ ಬೇಡುವುದರಲ್ಲಿ ಆಶ್ಚರ್ಯವೇನು? ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊಯ್ಸಳ ಶಿಲ್ಪಕ್ಕೆ ಕಲ್ಲೇ ಮೈಯಾದ್ದರಿಂದ ಗಾರೆಯ ಹೊದಿಕೆ ಬೇಕಾಗಿಲ್ಲ. ಆದರೆ ಇಟ್ಟಿಗೆಯಿಂದ ಎದ್ದ ಗೋಪುರಗಳಿಗೆ ಗಾರೆಯೇ ಮೈ, ಗಾರೆಯೇ ಗೊಂಬೆ. ಅವುಗಳಿಗೆ ಕಾಲಕಾಲಕ್ಕೆ ಜೀರ್ಣೋದ್ಧಾರ ನಡೆಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ.

ಇನ್ನು ರಿಪೇರಿಯ ವಿಧಾನ. ಮೊದಲು ಗೋಡೆಯನ್ನು ಪರೀಕ್ಷಿಸಬೇಕು. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ, ಹಿಡಿದಿರುವ ಗಾರೆ ಗಟ್ಟಿ ಸದ್ದು ಕೊಡುತ್ತದೆ, ಬಿಟ್ಟುಕೊಂಡಿರುವ ಗಾರೆ ಟೊಳ್ಳು ಸದ್ದು ಕೊಡುತ್ತದೆ. ಟೊಳ್ಳಾದ ಕಡೆ ಇದ್ದಲಿನಿಂದ ಗೆರೆ ಎಳೆಯಬೇಕು. ಬಿರುಕು ಕಂಡರೆ ಅದು ನಿಂತ ಬಿರುಕೋ, ಬೆಳೆಯುತ್ತಿರುವ ಬಿರುಕೋ ನೋಡಬೇಕು. ಅದಕ್ಕೆ ಸುಲಭವಾದ ಉಪಾಯ: ಬಿರುಕಿನ ಅಡ್ಡಕ್ಕೆ ಒಂದು ತೆಳುವಾದ ಕಾಗದವನ್ನು ಅಂಟಿಸಿ ಅದರ ಮೇಲೆ ತಾರೀಖು ಬರೆದಿಡುವುದು. ಕೆಲವು ತಿಂಗಳಾದ ಮೇಲೂ ಕಾಗದ ಹರಿಯದಿದ್ದರೆ ಬಿರುಕನ್ನು ತುಂಬಬಹುದು. ಹರಿದರೆ ಗೋಡೆಯೇ ಕದಲುತ್ತಿದೆಯೆಂದು ತಿಳಿದು ತಳಪಾಯವನ್ನು ಬಲ್ಲವರಿಗೆ ತೋರಿಸಬೇಕು. ಗಾರೆ ಬಳಿದು ಪ್ರಯೋಜನವಿಲ್ಲ.

ಎರಡನೆಯ ಕೆಲಸ ನೀರಿನ ಮೂಲವನ್ನು ತಪ್ಪಿಸುವುದು. ಇದನ್ನು ಮಾಡದೆ ಗಾರೆಗೆ ಕೈಹಾಕುವುದು ಸೋರುವ ಬಿಂದಿಗೆಗೆ ನೀರು ತುಂಬಿದ ಹಾಗೆ. ಹೆಂಚನ್ನು ಕೈಯಾಡಿಸಿ, ಸೂರನ್ನು ಒಂದು ಮೊಳ ಮುಂದಕ್ಕೆ ತಂದು, ಗೋಡೆಯ ಬುಡದಿಂದ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಬೇಕು. ನಾವು ಬೀದಿಯನ್ನು ತಗ್ಗಿಸಲಾರದೆ, ಜಗಲಿಯ ಮುಂದೆ ಒಂದು ಗೇಣು ಅಗಲದ ಚರಂಡಿಯನ್ನು ತೆಗೆದು ಅದಕ್ಕೆ ಜಲ್ಲಿ ತುಂಬಿದೆವು.

ಮೂರನೆಯದು ಕೆಟ್ಟ ಗಾರೆಯನ್ನು ತೆಗೆಯುವುದು. ಮೇಲಿನಿಂದ ಕೆಳಕ್ಕೆ, ಸಣ್ಣ ಉಳಿಯಿಂದ, ಗೋಡೆ ಅದುರದಂತೆ ಕೆತ್ತಬೇಕು. ತೇಪೆಯ ಅಂಚು ಜಾರಿಕೊಂಡಿರದೆ ನೇರವಾಗಿ ಕತ್ತರಿಸಿದಂತಿರಬೇಕು. ತೆಳುವಾದ ಅಂಚಿಗೆ ಹೊಸ ಗಾರೆ ನಿಲ್ಲುವುದಿಲ್ಲ. ಇಟ್ಟಿಗೆಯ ಸಂದುಗಳನ್ನು ಅರ್ಧ ಅಂಗುಲ ಕೆರೆದು, ಧೂಳನ್ನೆಲ್ಲ ಕುಂಚದಿಂದ ಗುಡಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ಗೋಡೆಯನ್ನು ಕೆಲವು ವಾರ ಹಾಗೆಯೇ ಗಾಳಿಗೆ ಬಿಡಬೇಕು. ಈ ಕಾಯುವಿಕೆ ಎಲ್ಲಕ್ಕಿಂತ ಕಷ್ಟ. ಬೀದಿಯವರೆಲ್ಲ “ಏನ್ರೀ, ಗೋಡೆ ಹಂಗೇ ಬಿಟ್ಟಿದೀರಿ?” ಎಂದು ಕೇಳುವಾಗ ಅಪ್ಪನಿಗೆ ಅವಮಾನವಾಗುತ್ತಿತ್ತು.

ನಾಲ್ಕನೆಯದು ಗಾರೆಯನ್ನು ಸಿದ್ಧಪಡಿಸುವುದು. ಸುಟ್ಟ ಸುಣ್ಣವನ್ನು ಅರಳಿಸುವಾಗ ತೊಟ್ಟಿಯ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕತಕ್ಕದ್ದೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕಣ್ಣಿಗೆ ಕನ್ನಡಕ, ಕೈಗೆ ಕವಚ ಇರಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಅಕಸ್ಮಾತ್ ಕಣ್ಣಿಗೆ ಸಿಡಿದರೆ ಕೂಡಲೆ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲಿಸಿ, ಹಳತಾಗಲು ಬಿಡಬೇಕು, ಹಳತಾದಷ್ಟೂ ಒಳ್ಳೆಯದು. ಮೂರು ವರ್ಷಕ್ಕಿಂತ ಹೊಸದಾದ ಸುಣ್ಣವನ್ನು ಬಳಸಕೂಡದೆಂದು ಹಿಂದಿನ ರೋಮಿನಲ್ಲಿ ನಿಯಮವಿತ್ತೆಂದು ಪ್ಲಿನಿ ಹೇಳಿದ್ದಾನೆ. ನಮಗೆ ಅಷ್ಟು ಕಾಯುವ ಶಕ್ತಿ ಇರಲಿಲ್ಲ. ಒಂದು ತಿಂಗಳು ಕಾದೆವು. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಸುಣ್ಣದ ಪುಡಿಯನ್ನು ಕೊಳ್ಳುವವರು ಅದು ಬಹಳ ದಿನ ಬಾಯಿ ಬಿಚ್ಚಿ ಇಟ್ಟದ್ದಲ್ಲವೆಂದು ನೋಡಿಕೊಳ್ಳಬೇಕು. ಚೀಲದಲ್ಲಿಯೇ ಗಾಳಿ ಕುಡಿದ ಸುಣ್ಣ ಗೋಡೆಗೆ ಬರುವ ಮೊದಲೇ ಸತ್ತಿರುತ್ತದೆ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ತೊಳೆದ ಮರಳು ಇದು ನಾವು ಮೊದಲ ವರಸೆಗೆ ಬಳಸಿದ ಪ್ರಮಾಣ. ಎತ್ತು ಕಟ್ಟಿ ಕಲ್ಲಿನ ಚಕ್ರದಿಂದ ಗಾರೆ ಅರೆಯುವ ಗಾಣ ಈಗ ನಮ್ಮೂರಲ್ಲಿ ಇಲ್ಲ. ಒನಕೆಯಿಂದ ಕುಟ್ಟಿ ಹದ ಮಾಡಿದೆವು.

ಐದನೆಯದು ಹಚ್ಚುವುದು. ಮಣ್ಣಿನ ಗೋಡೆಗೆ ನೀರು ಸುರಿಯಬಾರದು, ಚಿಮುಕಿಸಬೇಕು. ಮೊದಲ ವರಸೆಯನ್ನು ಕರಣೆಯಿಂದ ಎರಚಿ ಒರಟಾಗಿಯೇ ಬಿಡಬೇಕು. ಅದು ಉಗುರಿಗೆ ಗಟ್ಟಿಯಾಗಿ ತಾಗುವಷ್ಟಾದ ಮೇಲೆ, ಸುಮಾರು ಒಂದು ವಾರ ಹತ್ತು ದಿನ ಬಿಟ್ಟು, ಎರಡನೆಯ ವರಸೆಯನ್ನು ಹಚ್ಚಿ ಹಲಗೆಯಿಂದ ಮಟ್ಟ ಮಾಡಬೇಕು. ಕೊನೆಯದು ನಯವಾದ ಮರಳಿನ ತೆಳು ವರಸೆ. ಯಾವ ವರಸೆಯೂ ಕಿರುಬೆರಳಿಗಿಂತ ದಪ್ಪವಾಗಬಾರದು. ಆರುವಾಗ ಸಣ್ಣ ಬಿರುಕು ಬಂದರೆ ಅದು ಇನ್ನೂ ಹಸಿಯಾಗಿರುವಾಗಲೇ ಹಲಗೆಯಿಂದ ಒತ್ತಿ ಉಜ್ಜಬೇಕು. ಆಮೇಲೆ ಒದ್ದೆ ಗೋಣಿಚೀಲಗಳನ್ನು ಮುಂದೆ ಇಳಿಬಿಟ್ಟು, ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತ ನೆರಳು ಮಾಡಬೇಕು. ಕಡೆಗೆ ಹಾಲಿನಷ್ಟು ತೆಳ್ಳಗೆ ಕಲಸಿದ ಸುಣ್ಣವನ್ನು ನಾಲ್ಕೈದು ಸಲ ಬಳಿಯಬೇಕು. ದಪ್ಪವಾಗಿ ಒಂದೇ ಸಲ ಬಳಿದ ಸುಣ್ಣ ಹಪ್ಪಳದಂತೆ ಏಳುತ್ತದೆ.

ಈ ಕೆಲಸಕ್ಕೆ ಕಾಲವೂ ಮುಖ್ಯ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಜೋರು. ಅದು ಕಳೆದು ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳು ಗಾರೆಗೆ ತಕ್ಕವು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಪರೀಕ್ಷೆ ಮುಗಿದ ಉತ್ಸಾಹದಲ್ಲಿ, ಮೇಸ್ತ್ರಿಗಳಿಗೆ ಹೇಳದೆ, ಏಪ್ರಿಲ್ ಬಿಸಿಲಿನಲ್ಲಿ ನಾನೊಬ್ಬನೇ ಒಂದು ಮೂಲೆಗೆ ಗಾರೆ ಹಚ್ಚಿದೆ. ತಿಂಗಳು ಕಳೆಯುವುದರೊಳಗೆ ಅದು ಕೈಗೆ ಪುಡಿಯಾಗಿ ಬಂತು. ಅವರು ಬಂದು ನೋಡಿ ಬೈಯಲಿಲ್ಲ. “ನಿಮ್ಮ ತಾತನೂ ಮೊದಲನೇ ಸಲ ಹಿಂಗೇ ಮಾಡಿದ್ದ” ಎಂದು ನಕ್ಕರು. ಉಳಿದ ಗೋಡೆಯನ್ನು ಅವರೂ ನಾನೂ ಅಪ್ಪನೂ ಸೇರಿ ಕಾರ್ತಿಕ ಮಾಸದಲ್ಲಿ ಮುಗಿಸಿದೆವು.

ಕೆಲಸವೆಲ್ಲ ಮುಗಿದ ಮೇಲೆ ಅವ್ವ ಆಡಿದ ಒಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು. “ಬಣ್ಣ ಹೊಡೆಸಿದ ಮೇಲೆ ನಾವು ಗೋಡೆ ಮುಟ್ಟಲೇ ಇಲ್ಲ ಕಣೊ” ಎಂದರು. ಹೌದು. ಹಿಂದೆ ವರ್ಷವರ್ಷವೂ ಹಬ್ಬಕ್ಕೆ ಮುಂಚೆ ಅವ್ವ, ಅಜ್ಜಿ ಇಬ್ಬರೂ ಸುಣ್ಣ ಬಳಿಯುತ್ತಿದ್ದರು. ಬುಡಕ್ಕೆ ಕೆಮ್ಮಣ್ಣು ಸಾರಿಸುತ್ತಿದ್ದರು. ಅದನ್ನು ನಾನು ಕೇವಲ ಹಬ್ಬದ ಸಡಗರವೆಂದು ತಿಳಿದಿದ್ದೆ. ತೆಳುವಾದ ಸುಣ್ಣದ ನೀರು ಕೂದಲೆಳೆಯ ಬಿರುಕುಗಳಲ್ಲಿ ಇಳಿದು, ಅಲ್ಲಿಯೇ ಕಲ್ಲಾಗಿ, ಅವನ್ನು ಮುಚ್ಚುತ್ತಿತ್ತೆಂದು ಈಗ ತಿಳಿಯಿತು. ಅಷ್ಟೇ ಅಲ್ಲ. ವರ್ಷಕ್ಕೊಮ್ಮೆ ಗೋಡೆಯ ಪ್ರತಿಯೊಂದು ಗೇಣಿನ ಮೇಲೂ ಮನೆಯವರ ಕೈಯೂ ಕಣ್ಣೂ ಹಾಯುತ್ತಿದ್ದುವು. ಎಲ್ಲಿ ಉಬ್ಬಿದೆ, ಎಲ್ಲಿ ಹೆಂಚು ಸೋರಿದೆ, ಎಲ್ಲಿ ಗೆದ್ದಲು ಏರಿದೆ ಎಂಬುದು ಸಣ್ಣದಾಗಿರುವಾಗಲೇ ಗೊತ್ತಾಗುತ್ತಿತ್ತು; ಒಂದು ಬೊಗಸೆ ಗಾರೆಯಿಂದ ಸರಿಹೋಗುತ್ತಿತ್ತು. ಹತ್ತು ವರ್ಷ ಬಾಳುವ ಬಣ್ಣ ಬಂದ ಮೇಲೆ ಆ ನೋಟ ತಪ್ಪಿತು. ಅಪ್ಪನ ಆಸೆ ತಪ್ಪೆಂದು ನಾನು ಹೇಳಲಾರೆ. ಸುಣ್ಣದ ಗೋಡೆಯನ್ನು ಬಡತನದ ಗುರುತೆಂದು ಊರೇ ನೋಡುತ್ತಿರುವಾಗ ಮಗಳ ಮದುವೆಗೆ ನಿಂತ ತಂದೆ ಇನ್ನೇನು ಮಾಡಿಯಾರು? ಆದರೆ ಮತ್ತೆ ನೋಡಬೇಕಾಗಿಲ್ಲವೆಂಬ ಗೋಡೆಯನ್ನು ಇದುವರೆಗೆ ಯಾರೂ ಕಟ್ಟಿಲ್ಲವೆಂದು ಈಗ ನಮ್ಮಿಬ್ಬರಿಗೂ ಗೊತ್ತಾಗಿದೆ.

ಈಗ ನಮ್ಮ ಮುಂಗೋಡೆ ಬೆಳ್ಳಗಿದೆ, ಅಲ್ಲಲ್ಲಿ ಡೊಂಕೂ ಇದೆ. ಪೂರ್ವದ ಗೋಡೆಯ ಮೇಲೆ ಇನ್ನೂ ಸಿಮೆಂಟೇ ಇದೆ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ಅದರ ಕೆಳಗೆ ಯಾರೂ ಕೂರದಂತೆ ಸೌದೆಯನ್ನು ಒಟ್ಟಿದ್ದೇವೆ. ಅಜ್ಜಿ ಮಾತ್ರ ತಮ್ಮ ಹಳೆಯ ಜಾಗಕ್ಕೆ ಮರಳಿದ್ದಾರೆ. ಈ ಸಾರಿ ಹಬ್ಬಕ್ಕೆ ಊರಿಗೆ ಹೋದಾಗ ಸಹಪಾಠಿ ಮಿತ್ರರು ತಮ್ಮ ಮನೆಯ ಹೊರಗೋಡೆಯನ್ನು ಒಂದು ಸಲ ಬೆರಳಿನಿಂದ ತಟ್ಟಿ ನೋಡಬೇಕೆಂದೂ, ಮನೆಯಲ್ಲಿ ಗಾರೆ ಕೆಲಸ ಬಲ್ಲ ಹಿರಿಯರಿದ್ದರೆ ಅವರನ್ನು ಇಂದೇ ಕೇಳಿ ತಿಳಿದುಕೊಳ್ಳಬೇಕೆಂದೂ ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.